ಶಿಷ್ಯನ ವಿಮಾನ, ಗುರುವಿನ ಮಾತು

ಊರು ಬಿಟ್ಟು ಬಂದು ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಮನೆಪಾಠದ ಮೇಷ್ಟ್ರನ್ನು ಕಾಣದವು ಕಡಿಮೆ. ಲೆಕ್ಕಕ್ಕೆ ಒಬ್ಬರು, ಸಂಗೀತಕ್ಕೆ ಒಬ್ಬರು, ಮಕ್ಕಳು ಕನ್ನಡದ ಅಕ್ಷರ ಮರೆಯದಿರಲೆಂದು ಮತ್ತೊಬ್ಬರು. ತಿಂಗಳ ಕೊನೆಗೆ ಲಕೋಟೆಯಲ್ಲಿ ಹಣ, ಪಾಠದ ನಡುವೆ ಒಂದು ಲೋಟ ಕಾಫಿ. ಈ ಏರ್ಪಾಡಿನಲ್ಲಿ ತಪ್ಪೇನೂ ಇಲ್ಲ. ಆದರೆ ಒಂದಲ್ಲ ಒಂದು ದಿನ ಆ ಮೇಷ್ಟ್ರು ಕಹಿಯಾದ ಮಾತನ್ನು ಹೇಳಬೇಕಾಗಿ ಬರುತ್ತದೆ: "ನಿಮ್ಮ ಹುಡುಗ ಇನ್ನೂ ಪರೀಕ್ಷೆಗೆ ಸಿದ್ಧನಾಗಿಲ್ಲ." ಹೇಳಿದರೆ ಪಾಠ ತಪ್ಪೀತು, ಹೇಳದಿದ್ದರೆ ಹುಡುಗ ಕೆಟ್ಟಾನು. ಅನ್ನ ಕೊಡುವ ಕೈಗೆ ಅಪ್ರಿಯವಾದುದನ್ನು ನುಡಿಯಬೇಕಾದ ಈ ಸಂಕಟಕ್ಕೆ ನಮ್ಮ ಭಾಷೆಯಲ್ಲಿ ಹಂಗು ಎಂಬ ಒಂದು ಪುಟ್ಟ ಮಾತು ಇದೆ. ಹಂಗಿನಲ್ಲಿರುವವನು ನಿಜ ಹೇಳಬಲ್ಲನೇ? ಹೇಳದಿದ್ದರೆ ಅವನನ್ನು ಗುರುವೆನ್ನಬಹುದೇ?

ಈ ಪ್ರಶ್ನೆಯನ್ನು ನೆಲದಿಂದ ಎರಡು ಸಾವಿರ ಅಡಿ ಮೇಲಕ್ಕೆ ಒಯ್ದು ನೋಡೋಣ. ಉಳ್ಳವನೊಬ್ಬ ಎರಡೋ ನಾಲ್ಕೋ ಆಸನದ ಪುಟ್ಟ ವಿಮಾನ ಕೊಂಡಿದ್ದಾನೆ. ಅದನ್ನು ಹಾರಿಸಲು ಕಲಿಯಬೇಕು, ಇಲ್ಲವೇ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳಬೇಕು. ಕಲಿಸಲು ಬಂದವನು ಯಾವ ಶಾಲೆಯ ನೌಕರನೂ ಅಲ್ಲ. ಗಂಟೆಗೆ ಇಷ್ಟು ಎಂದು ಶುಲ್ಕ ಪಡೆದು ಕಲಿಸುವ ಸ್ವತಂತ್ರ ಶಿಕ್ಷಕ. ವಿಮಾನ ಶಿಷ್ಯನದು, ಪೆಟ್ರೋಲು ಶಿಷ್ಯನದು, ಹಣವೂ ಶಿಷ್ಯನದೇ. ಗುರುವಿನದೆಂದು ಉಳಿಯುವುದು ಅವನ ಮಾತೊಂದು. ಮೋಡ ಕವಿದ ಬೆಳಗಿನಲ್ಲಿ ಆ ಮಾತು "ಇಂದು ಬೇಡ" ಎಂಬುದಾದರೆ ಅದು ನಡೆಯುತ್ತದೆಯೆ? ನಾವು ಇಲ್ಲಿ ವಿಚಾರ ಮಾಡಬೇಕೆಂದಿರುವುದು ಇಷ್ಟನ್ನೇ.

ಬ್ಯಾಂಕು, ಹೋಟೆಲು, ನೌಕಾನೆಲೆ, ಬಾಹ್ಯಾಕಾಶ ಕೇಂದ್ರಗಳಲ್ಲಿ ದುಡಿದು ಬದುಕುವ ನಮಗೆ ವಿಮಾನದ ಒಡೆಯರ ಚಿಂತೆ ಏಕೆ ಎಂದು ವಾಚಕರು ಕೇಳಬಹುದು. ನಾವಿರುವ ನೆಲಕ್ಕೂ ಹಾರಾಟದ ಹವ್ಯಾಸಕ್ಕೂ ಹಳೆಯ ನಂಟಿದೆ. ತಿರುವನಂತಪುರದ ವಿಮಾನ ನಿಲ್ದಾಣ ಹುಟ್ಟಿದ್ದೇ ೧೯೩೨ರಲ್ಲಿ, ಒಂದು ಫ್ಲೈಯಿಂಗ್ ಕ್ಲಬ್ಬಿನ ಅಂಗವಾಗಿ. ಅದರ ಹಿಂದೆ ಇದ್ದವರು ತಿರುವಾಂಕೂರು ರಾಜಮನೆತನದ ಅಳಿಯ, ಸ್ವತಃ ವಿಮಾನ ಹಾರಿಸಬಲ್ಲ ಗೋದವರ್ಮ ರಾಜಾ. ೧೯೩೫ರಲ್ಲಿ ಟಾಟಾ ಸಂಸ್ಥೆಯ ಪುಟ್ಟ ವಿಮಾನ ಮುಂಬಯಿಯಿಂದ ಟಪಾಲು ಹೊತ್ತು ಅಲ್ಲಿ ಬಂದಿಳಿಯಿತು. ಕೇರಳದ ಕ್ರೀಡಾರಂಗಕ್ಕೆ ಅಡಿಪಾಯ ಹಾಕಿದ ಅದೇ ರಾಜಾ ೧೯೭೧ರಲ್ಲಿ ಕುಲೂ ಕಣಿವೆಯ ವಿಮಾನಾಪಘಾತದಲ್ಲಿ ತೀರಿಕೊಂಡರು. ಇತ್ತ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿ ೧೯೫೩ರಲ್ಲಿ ನೌಕಾದಳದ ಐಎನ್‌ಎಸ್ ಗರುಡ ನೆಲೆ ಆರಂಭವಾಯಿತು. ನಮ್ಮ ನೌಕಾ ವೈಮಾನಿಕರಿಗೆ ಡಾರ್ನಿಯರ್ ವಿಮಾನದ ಪಾಠ ನಡೆಯುವುದು ಅಲ್ಲಿಯೇ. ಇನ್ನು ಕರ್ನಾಟಕದ ಮಾತು: ಬೆಂಗಳೂರಿನ ಜಕ್ಕೂರಿನಲ್ಲಿ ದಶಕಗಳಿಂದ ಸರ್ಕಾರಿ ಹಾರಾಟ ಶಾಲೆ ಇದೆ. ೧೯೫೮ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಪುಷ್ಪಕವೆಂಬ ಎರಡಾಸನದ ವಿಮಾನ ಕಟ್ಟಿದ್ದು ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿಯೇ. ಇಂದು ನಮ್ಮ ಮನೆಗಳಿಂದಲೂ ಹುಡುಗರು, ಹುಡುಗಿಯರು ಪೈಲಟ್ ತರಬೇತಿಗೆಂದು ಮನೆಮಾರು ಅಡವಿಟ್ಟು ದೇಶವಿದೇಶಗಳಿಗೆ ಹೋಗುತ್ತಿದ್ದಾರೆ. ಆದ್ದರಿಂದ ಇದು ಸಿರಿವಂತರ ಮನೆಯ ಮಾತಷ್ಟೇ ಅಲ್ಲ.

ಮೊದಲು ನಿಯಮಗಳನ್ನು ನೋಡೋಣ. ನಮ್ಮ ದೇಶದ ೧೯೩೪ರ ವಿಮಾನ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದು ೨೦೨೫ರ ಜನವರಿ ೧ರಿಂದ ಜಾರಿಯಾಗಿದೆ. ೧೬ ತುಂಬಿದವರಿಗೆ ವಿದ್ಯಾರ್ಥಿ ಲೈಸೆನ್ಸು, ೧೭ಕ್ಕೆ ಖಾಸಗಿ ಲೈಸೆನ್ಸು, ೧೮ಕ್ಕೆ ವೃತ್ತಿ ಲೈಸೆನ್ಸು. ಖಾಸಗಿ ಲೈಸೆನ್ಸಿಗೆ ೪೦ ಗಂಟೆಗಳ ಹಾರಾಟ ಬೇಕು, ವೃತ್ತಿ ಲೈಸೆನ್ಸಿಗೆ ೨೦೦ ಗಂಟೆ. ಖಾಸಗಿ ಲೈಸೆನ್ಸಿನವನು ಹಾರಿಸಿದ್ದಕ್ಕೆ ಸಂಭಾವನೆ ಪಡೆಯುವಂತಿಲ್ಲ. ಖಾಸಗಿ ವರ್ಗದಲ್ಲಿ ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಬಿಡುವಂತಿಲ್ಲ. ಎಷ್ಟೇ ಸಾವಿರ ಗಂಟೆ ಹಾರಿದ ಅನುಭವವಿರಲಿ, ಶಿಕ್ಷಕನ ಅರ್ಹತೆಯನ್ನು ಬೇರೆಯಾಗಿ ಪಡೆಯದವನು ಕಾನೂನಿನ ಕಣ್ಣಿಗೆ ಶಿಕ್ಷಕನಲ್ಲ, ಪಕ್ಕದಲ್ಲಿ ಕುಳಿತ ಸ್ನೇಹಿತ. ಲೈಸೆನ್ಸಿಗೆಂದು ನಡೆಯುವ ತರಬೇತಿ ಡಿಜಿಸಿಎ ಮನ್ನಣೆ ಪಡೆದ ಸಂಸ್ಥೆಯಲ್ಲಿ ಆಗಬೇಕೆಂಬುದು ಕ್ರಮ. ಹೀಗಾಗಿ ನಮ್ಮಲ್ಲಿ ಸ್ವತಂತ್ರ ಶಿಕ್ಷಕನ ಅಂಗಳ ಕಿರಿದು.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸರ್ಕಾರದ ಪ್ರಮಾಣಪತ್ರವಿರುವ ಶಿಕ್ಷಕನು ಯಾವ ಶಾಲೆಯ ಹೆಸರೂ ಇಲ್ಲದೆ, ಒಡೆಯನ ವಿಮಾನದಲ್ಲೇ ಕುಳಿತು ಮೊದಲ ಪಾಠದಿಂದ ಲೈಸೆನ್ಸಿನವರೆಗೆ ಕಲಿಸಬಹುದು. ಅವನಿಗೂ ಕಟ್ಟುಪಾಡುಗಳಿವೆ. ಯಾವುದೇ ೨೪ ಗಂಟೆಗಳ ಅವಧಿಯಲ್ಲಿ ೮ ಗಂಟೆಗೆ ಮೀರಿ ಹಾರಾಟದ ಪಾಠ ಹೇಳಕೂಡದು. ಶಿಷ್ಯ ಒಬ್ಬನೇ ಹಾರಲು ಯೋಗ್ಯನೆಂದು ತಾನೇ ರುಜು ಹಾಕಬೇಕು. ಆ ರುಜುವಿಗೆ ೯೦ ದಿನಗಳಷ್ಟೇ ಆಯುಷ್ಯ. ಹಾಕಿದ ರುಜುಗಳ ದಾಖಲೆಯನ್ನು ಮೂರು ವರ್ಷ ಕಾದಿಡಬೇಕು. ಕುಡಿತದ ವಿಚಾರದಲ್ಲಿ ಅಲ್ಲಿಯವರು ಹಾರಾಟಕ್ಕೆ ಮೊದಲು ೮ ಗಂಟೆ ಬಿಡುವು ಕೇಳಿದರೆ ನಮ್ಮ ನಿಯಮ ೧೨ ಗಂಟೆ ಕೇಳುತ್ತದೆ.

ಈ ಏರ್ಪಾಡಿನ ನಡುವೆ ಒಂದು ಸ್ವಾರಸ್ಯದ ತಕರಾರು ಎದ್ದಿತು. ೨೦೨೧ರಲ್ಲಿ ಹಳೆಯ ಯುದ್ಧವಿಮಾನವೊಂದರಲ್ಲಿ ಹಣ ಪಡೆದು ಪಾಠ ಹೇಳುತ್ತಿದ್ದ ಸಂಸ್ಥೆಯ ಮೊಕದ್ದಮೆ ಅಲ್ಲಿನ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ಹಣ ಕೊಟ್ಟು ಕಲಿಯುವ ಶಿಷ್ಯನೂ ಹಣ ಕೊಟ್ಟು ಒಯ್ಯಲ್ಪಡುವ ಪ್ರಯಾಣಿಕನೇ ಎಂಬ ಇಲಾಖೆಯ ವಾದಕ್ಕೆ ಮನ್ನಣೆ ಸಿಕ್ಕಿತು. ಅದರ ಬೆನ್ನಿಗೇ, ಕೈಯಾರೆ ಕಟ್ಟಿದ ಪ್ರಾಯೋಗಿಕ ವಿಮಾನವುಳ್ಳವನು ತನ್ನದೇ ವಿಮಾನದಲ್ಲಿ ಶಿಕ್ಷಕನಿಗೆ ಶುಲ್ಕ ಕೊಟ್ಟು ಕಲಿಯಬೇಕಾದರೂ ಇಲಾಖೆಯ ವಿಶೇಷ ಪತ್ರ ತರಬೇಕಾಯಿತು. ತನ್ನ ವಿಮಾನದಲ್ಲಿ ತಾನೇ ಬಾಡಿಗೆಯ ಪ್ರಯಾಣಿಕನಾಗುವುದು ಹೇಗೆ ಎಂದು ಜನ ಕೇಳಿದರು. ೨೦೨೨ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಆ ತೊಡಕನ್ನು ಬಿಡಿಸಿತು. ಕಾನೂನಿನ ಮಟ್ಟಿಗೆ ಪ್ರಶ್ನೆ ಮುಗಿಯಿತು. ನೀತಿಯ ಮಟ್ಟಿಗೆ ಮುಗಿಯಲಿಲ್ಲವೆಂದು ನಮಗೆ ತೋರುತ್ತದೆ. ಗುರುವಿಗೆ ಕೊಡುವ ಹಣ ಶುಲ್ಕವೋ ಬಾಡಿಗೆಯೋ? ಬಾಡಿಗೆ ಕೊಟ್ಟವನು ಕರೆದಲ್ಲಿಗೆ ಗಾಡಿ ಬರಬೇಕು. ಶುಲ್ಕ ಕೊಟ್ಟವನು ಗುರು ಹೇಳಿದಂತೆ ಕೇಳಬೇಕು. ನೋಟುಗಳು ಒಂದೇ ಬಗೆಯವು. ಕೊಡುವವನ ಮನಸ್ಸಿನಲ್ಲಿ ಅವು ಏನು ಎಂಬುದರ ಮೇಲೆ ಮುಂದಿನದು ನಿಂತಿದೆ.

೨೦೦೬ರ ಅಕ್ಟೋಬರ್ ೧೧ರಂದು ನ್ಯೂಯಾರ್ಕಿನಲ್ಲಿ ಆದದ್ದನ್ನು ನೋಡಿ. ಕೋರಿ ಲೈಡಲ್ ಎಂಬ ಹೆಸರಾಂತ ಬೇಸ್‌ಬಾಲ್ ಆಟಗಾರ ಸ್ವಂತ ವಿಮಾನ ಕೊಂಡಿದ್ದ. ಅಂದು ತನ್ನ ಶಿಕ್ಷಕನ ಸಂಗಡ ಈಸ್ಟ್ ನದಿಯ ಗುಂಟ ಹಾರಿದ. ಮುಂದೆ ಅನುಮತಿಯಿಲ್ಲದೆ ಹೋಗಲಾಗದ ಆಕಾಶ. ಎರಡೂ ಕಡೆ ಎತ್ತರದ ಕಟ್ಟಡಗಳು. ನದಿಯ ಅಗಲದೊಳಗೇ ವಿಮಾನವನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಪೂರ್ವದ ಗಾಳಿ ಅದನ್ನು ದಡದ ಕಡೆಗೆ ತಳ್ಳಿತು. ತಿರುವು ಸಾಲದೆ ವಿಮಾನ ಮ್ಯಾನ್‌ಹಟನ್ನಿನ ಬಹುಮಹಡಿ ವಸತಿ ಕಟ್ಟಡಕ್ಕೆ ಬಡಿದು ಇಬ್ಬರೂ ಸತ್ತರು. ಇಕ್ಕಟ್ಟಿನ ಜಾಗದಲ್ಲಿ ತಿರುಗಿಸುವ ಮುನ್ನ ಯೋಜನೆ ಸಾಲದು, ವಿವೇಚನೆ ಸಾಲದು ಎಂದು ತನಿಖೆ ತೀರ್ಮಾನಿಸಿತು. ಆದರೆ ಆ ಕ್ಷಣದಲ್ಲಿ ವಿಮಾನ ಯಾರ ಕೈಯಲ್ಲಿತ್ತು ಎಂಬುದು ಗೊತ್ತಾಗಲೇ ಇಲ್ಲ. ಒಡೆಯನೋ, ಗುರುವೋ? ಇಬ್ಬರು ಬಲ್ಲವರು ಅಕ್ಕಪಕ್ಕ ಕುಳಿತಾಗ, ಇನ್ನೊಬ್ಬ ನೋಡಿಕೊಂಡಾನು ಎಂದು ಒಬ್ಬೊಬ್ಬನೂ ನೆಚ್ಚಿಕೊಳ್ಳುವ ಅಪಾಯವಿದೆ. ಇಲ್ಲಿ ಹಾಗೆಯೇ ಆಯಿತೆಂದು ನಾವು ಹೇಳಲಾರೆವು. ಯಾರ ಮಾತು ಕೊನೆಯದೆಂದು ಹಾರುವ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬುದನ್ನು ಮಾತ್ರ ಆ ಉತ್ತರವಿಲ್ಲದ ಪ್ರಶ್ನೆ ನೆನಪಿಸುತ್ತದೆ.

ಇನ್ನೊಂದು ಪ್ರಸಂಗ ೧೯೯೯ರ ಜುಲೈ ೧೬ರದು. ಅಮೆರಿಕದ ಮಾಜಿ ಅಧ್ಯಕ್ಷರ ಮಗ ಕಿರಿಯ ಜಾನ್ ಕೆನಡಿ ತನ್ನ ವಿಮಾನದಲ್ಲಿ ಹೆಂಡತಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು ರಾತ್ರಿ ಹೊರಟ. ಮಂಜು ಮುಸುಕಿದ ಕಡಲ ಮೇಲೆ ದಿಗಂತ ಕಾಣದೆ ದಿಕ್ಕು ತಪ್ಪಿ ವಿಮಾನ ನೀರಿಗೆ ಬಿತ್ತು, ಮೂವರೂ ಹೋದರು. ತಾನೂ ಜೊತೆಗೆ ಬರುವುದಾಗಿ ಅಂದು ಒಬ್ಬ ಶಿಕ್ಷಕ ಹೇಳಿದ್ದ. ಒಬ್ಬನೇ ಹೋಗಬೇಕೆಂದಿದ್ದೇನೆ ಎಂದು ಒಡೆಯ ಉತ್ತರಿಸಿದ್ದ. ಇದು ತನಿಖೆಯ ವರದಿಯಲ್ಲಿದೆ. ಶಿಕ್ಷಕ ತನ್ನ ಮಾತು ಹೇಳಿದ್ದ. ಅದಕ್ಕೆ ಮೀರಿದ ಅಧಿಕಾರ ಅವನಿಗೆ ಇರಲಿಲ್ಲ, ಏಕೆಂದರೆ ಒಡೆಯನ ಬಳಿ ಲೈಸೆನ್ಸು ಇತ್ತು, ವಿಮಾನವೂ ಅವನದೇ.

ಇಂಥ ಕಡೆ ನಮಗೆ ಕರ್ಣಪರ್ವ ನೆನಪಾಗುತ್ತದೆ. ಕಾಸರಗೋಡು, ಮಂಗಳೂರುಗಳ ಕಡೆಯಿಂದ ಬಂದ ನಮ್ಮ ಓದುಗರು ಯಕ್ಷಗಾನದ ರಾತ್ರಿಗಳಲ್ಲಿ ಈ ಪ್ರಸಂಗ ಕಂಡೇ ಇರುತ್ತಾರೆ. ರಥ ಕರ್ಣನದು, ಸಾರಥಿ ಶಲ್ಯ. ಸರ್ಪಾಸ್ತ್ರ ಹೂಡಿದಾಗ ಗುರಿ ಸರಿಯಿಲ್ಲ, ಮತ್ತೆ ಹೂಡು ಎಂದು ಶಲ್ಯ ಹೇಳಿದ. ಒಮ್ಮೆ ಹೂಡಿದ್ದನ್ನು ಮತ್ತೆ ಹೂಡುವವನು ತಾನಲ್ಲವೆಂದು ಕರ್ಣ ಬಿಟ್ಟ. ಅರ್ಜುನನ ಕಿರೀಟ ಹೋಯಿತು, ತಲೆ ಉಳಿಯಿತು. ಕರ್ಣನ ಹಟವನ್ನು ಎಲ್ಲರೂ ಹೇಳುತ್ತಾರೆ. ಶಲ್ಯನ ಪಾಲಿನ ತಪ್ಪನ್ನು ನಾವು ಅಷ್ಟಾಗಿ ಎಣಿಸುವುದಿಲ್ಲ. ರಥ ಹತ್ತಿದ ಗಳಿಗೆಯಿಂದ ಅವನು ಕರ್ಣನನ್ನು ಹೀಯಾಳಿಸುತ್ತಲೇ ಬಂದಿದ್ದ. ಹಾಗೆ ಮಾಡುವೆನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟವನು ಅವನು. ನೂರು ಸಲ ನೋಯಿಸಲೆಂದು ಆಡಿದ ನಾಲಗೆ ನೂರೊಂದನೆಯ ಸಲ ನಿಜವನ್ನೇ ಆಡಿದರೂ ನಂಬುವವರಾರು? ಒಡೆಯನ ಮುಖ ನೋಡಿ ನುಡಿಯುವ ಗುರು ಒಂದು ಬಗೆಯಲ್ಲಿ ಅಪಾಯ. ಸದಾ ಗದರುವ ಗುರು ಇನ್ನೊಂದು ಬಗೆಯಲ್ಲಿ. "ಬೇಡ" ಎಂಬ ಮಾತಿಗೆ ತೂಕ ಬರಬೇಕಾದರೆ ಉಳಿದ ದಿನಗಳಲ್ಲಿ "ಆಗಲಿ, ಹೋಗೋಣ" ಎಂದು ಪ್ರೀತಿಯಿಂದ ಹೇಳಿದವನೇ ಅದನ್ನು ಹೇಳಬೇಕು.

ಹಂಗು ಎಂದರೆ ಹಣದ ಹಂಗಷ್ಟೇ ಅಲ್ಲ. ೨೦೧೦ರ ಮೇ ೨೨ರ ಬೆಳಗಿನ ಸುದ್ದಿಯನ್ನು ನಮ್ಮ ಕಡೆಯವರು ಮರೆಯುವುದುಂಟೆ? ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ಮೀರಿ ಕಂದರಕ್ಕೆ ಬಿದ್ದು ೧೫೮ ಜನ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ಇಳಿಯುವ ಕ್ರಮ ತಪ್ಪಿದೆ, ಮತ್ತೆ ಮೇಲೇರೋಣ ಎಂದು ಸಹ ವೈಮಾನಿಕ ಮೂರು ಬಾರಿ ಹೇಳಿದರೂ ನಾಯಕ ಇಳಿಸಿದನೆಂದು ತನಿಖಾ ನ್ಯಾಯಾಲಯ ಕಂಡಿತು. ಅಲ್ಲಿ ಒಡೆಯನೂ ಇರಲಿಲ್ಲ, ಶುಲ್ಕವೂ ಇರಲಿಲ್ಲ. ಹಿರಿಯ, ಕಿರಿಯ ಎಂಬ ಅಂತರವಿತ್ತು. ಕಿರಿಯನ ಮಾತು ಹಿರಿಯನ ಕೈಯನ್ನು ತಡೆಯಲಿಲ್ಲ. ದೊಡ್ಡ ಕಂಪನಿಯ ವಿಮಾನದಲ್ಲೇ ಹೀಗಾದರೆ, ದೇಶದಲ್ಲಿ ಹೆಸರು ಮಾಡಿದ ಉದ್ಯಮಿಯ ಪಕ್ಕದಲ್ಲಿ ಗಂಟೆಗೂಲಿಗೆ ಕುಳಿತ ಶಿಕ್ಷಕನ ಸ್ಥಿತಿ ಏನು?

ಸಂಸ್ಥೆಯ ಬೆಂಬಲದಿಂದ ಏನಾಗುತ್ತದೆಂಬುದಕ್ಕೆ ತಿರುವನಂತಪುರದ ನಮ್ಮ ಬಾಹ್ಯಾಕಾಶ ಬಂಧುಗಳು ಬಲ್ಲ ನಿದರ್ಶನವಿದೆ. ೨೦೧೯ರ ಜುಲೈ ೧೫ರ ನಸುಕಿನಲ್ಲಿ ಶ್ರೀಹರಿಕೋಟೆಯಲ್ಲಿ ಚಂದ್ರಯಾನ-೨ ಹೊರಡಬೇಕಿತ್ತು. ರಾಷ್ಟ್ರಪತಿಗಳೇ ಬಂದು ಕುಳಿತಿದ್ದರು, ದೇಶ ನೋಡುತ್ತಿತ್ತು. ದೋಷ ಕಂಡಿತೆಂದು ೫೬ ನಿಮಿಷ ಮೊದಲು ಎಣಿಕೆ ನಿಲ್ಲಿಸಿದರು. ಒಂದು ವಾರದ ಮೇಲೆ, ೨೨ರಂದು ಅದು ಸುಸೂತ್ರವಾಗಿ ಏರಿತು. ಅಂದು "ನಿಲ್ಲಿಸಿ" ಎಂದದ್ದು ಒಬ್ಬನ ಧೈರ್ಯವನ್ನಷ್ಟೇ ನೆಚ್ಚಿಕೊಂಡ ಮಾತಲ್ಲ. ನಿಲ್ಲಿಸುವ ಅಧಿಕಾರವನ್ನು ಮೊದಲೇ ಬರೆದಿಟ್ಟಿದ್ದರು. ಹೇಳಿದವನ ಸಂಬಳಕ್ಕೆ ಅದರಿಂದ ಕುತ್ತು ಬರುವಂತಿರಲಿಲ್ಲ. ಸ್ವತಂತ್ರ ಶಿಕ್ಷಕನಿಗೆ ಇಲ್ಲದಿರುವುದು ಇದೇ. ಅವನು "ಬೇಡ" ಎಂದ ದಿನ ಅವನ ಮನೆಗೆ ಅಂದಿನ ಗಳಿಕೆ ಬರುವುದಿಲ್ಲ.

ಹಾಗಾದರೆ ಸಂಸ್ಥೆಯಿದ್ದರೆ ಎಲ್ಲವೂ ಕ್ಷೇಮವೇ? ಹಾಗೂ ಹೇಳಲಾಗದು. ೨೦೨೦ರ ಅಕ್ಟೋಬರ್ ೪ರಂದು ಐಎನ್‌ಎಸ್ ಗರುಡದಿಂದ ತರಬೇತಿಗೆಂದು ಏರಿದ ನೌಕಾದಳದ ಗ್ಲೈಡರ್ ಕೊಚ್ಚಿಯ ತೋಪ್ಪುಂಪಡಿ ಸೇತುವೆಯ ಬಳಿ ಬಿದ್ದು ಇಬ್ಬರು ನೌಕಾ ಸಿಬ್ಬಂದಿ ತೀರಿಕೊಂಡರು. ಹಿಂದೆ ಇಡೀ ದಳವಿದ್ದರೂ ಗಾಳಿ ಗಾಳಿಯೇ. ಶಾಲೆಗಳಲ್ಲೂ ಒಬ್ಬೊಬ್ಬ ಶಿಷ್ಯನಿಗೆ ತಿಂಗಳಿಗೊಬ್ಬ ಶಿಕ್ಷಕ ಬದಲಾಗುವುದುಂಟು, ಗಂಟೆಗಳ ಲೆಕ್ಕ ತುಂಬಿಸುವ ಆತುರವುಂಟು. ಸ್ವತಂತ್ರ ಶಿಕ್ಷಣಕ್ಕೆ ಅದರದೇ ಆದ ಗುಣಗಳೂ ಇವೆ. ಒಬ್ಬನೇ ಗುರು ಶಿಷ್ಯನ ದೌರ್ಬಲ್ಯವನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲ. ಶಿಷ್ಯ ಮುಂದೆ ದಿನವೂ ಹಾರಿಸುವ ವಿಮಾನದಲ್ಲೇ ಕಲಿಯುತ್ತಾನೆ. ಅದರ ಬ್ರೇಕು, ಇಂಜಿನ್ನು, ಹಟ ಎಲ್ಲವೂ ಪರಿಚಯವಾಗುತ್ತವೆ. ಆದುದರಿಂದ ಸ್ವತಂತ್ರ ಶಿಕ್ಷಕನೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಸಂಸ್ಥೆ ಕೊಡಬಹುದಾಗಿದ್ದ ಬೆಂಬಲವನ್ನು ಆ ಇಬ್ಬರೇ ಕುಳಿತು ಮೊದಲೇ ಕಟ್ಟಿಕೊಳ್ಳಬೇಕು ಎಂಬುದು.

ಅದು ಹೇಗೆ? ಮೊದಲನೆಯದು, ಯಾವ ಗಾಳಿಗೆ, ಯಾವ ಮೋಡಕ್ಕೆ ಹಾರುವುದಿಲ್ಲವೆಂಬುದನ್ನು ಬಿಸಿಲಿನ ದಿನ, ಮನೆಯ ಮೇಜಿನ ಮುಂದೆ ಬರೆದಿಡಬೇಕು. ಜೂನ್ ತಿಂಗಳಲ್ಲಿ ಕೇರಳದ ಕರಾವಳಿಯ ಮೋಡ ಅರ್ಧ ಗಂಟೆಯಲ್ಲಿ ಹೇಗೆ ಕವಿಯುತ್ತದೆಂಬುದನ್ನು ಇಲ್ಲಿ ನಾಲ್ಕು ಮಳೆಗಾಲ ಕಂಡವರಿಗೆ ಹೇಳಬೇಕಾಗಿಲ್ಲ. ಹೊರಡುವ ಹೊತ್ತಿನಲ್ಲಿ ಹೂಡುವ ಚರ್ಚೆಯಲ್ಲಿ ಹಣವುಳ್ಳವನು ಗೆಲ್ಲುತ್ತಾನೆ; ಬರೆದಿಟ್ಟ ಕಾಗದಕ್ಕೆ ಮುಖದಾಕ್ಷಿಣ್ಯವಿಲ್ಲ. ಎರಡನೆಯದು, ಹಾರದ ದಿನಕ್ಕೂ ಶಿಕ್ಷಕನಿಗೆ ಶುಲ್ಕ ಸಲ್ಲಬೇಕು. ಅಂದು ಅವನು ಹವಾಮಾನ ಓದುವ ಪಾಠ ಹೇಳಲಿ. "ಬೇಡ" ಎಂದದ್ದಕ್ಕೆ ದಂಡ ತೆರುವ ಸ್ಥಿತಿಯಿಂದ ಅವನನ್ನು ಬಿಡಿಸುವ ಉಪಾಯ ಇದಕ್ಕಿಂತ ಸುಲಭವಾದುದು ನಮಗೆ ತೋರದು. ಮೂರನೆಯದು, ಯಾರು ನಾಯಕ, ವಿಮಾನ ಯಾರ ಕೈಯಲ್ಲಿ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು.

ನಾಲ್ಕನೆಯದು ವಿಮೆ. ಇದನ್ನು ಅನೇಕರು ತಿಳಿದಿರುವುದಿಲ್ಲ. ಅಪಘಾತವಾದರೆ ವಿಮಾ ಕಂಪನಿ ಒಡೆಯನಿಗೆ ಹಣ ಕೊಡುತ್ತದೆ. ಆಮೇಲೆ ಶಿಕ್ಷಕನ ತಪ್ಪಿನಿಂದ ಆಯಿತೆಂದು ಆ ಹಣಕ್ಕಾಗಿ ಶಿಕ್ಷಕನ ಮೇಲೆಯೇ ದಾವೆ ಹೂಡಬಹುದು. ಒಡೆಯನ ವಿಮೆ ಇದೆಯಲ್ಲ ಎಂದು ನಿಶ್ಚಿಂತನಾಗಿದ್ದ ಶಿಕ್ಷಕ ಮನೆ ಮಾರಬೇಕಾದೀತು. ಅವನ ಹೆಸರನ್ನೂ ವಿಮಾಪತ್ರದಲ್ಲಿ ಸೇರಿಸುವುದು, ಅವನ ಮೇಲೆ ದಾವೆ ಹೂಡುವುದಿಲ್ಲವೆಂಬ ಮಾತನ್ನು ಕಂಪನಿಯಿಂದ ಬರೆಯಿಸಿಕೊಳ್ಳುವುದು ಒಡೆಯನ ಕರ್ತವ್ಯ. ಶಿಕ್ಷಣದ ಹಾರಾಟದಲ್ಲಿ, ಹಿಡಿಕೆ ಶಿಷ್ಯನ ಕೈಯಲ್ಲಿದ್ದರೂ, ಹೊಣೆಯನ್ನು ಶಿಕ್ಷಕನ ಮೇಲೆ ಹೊರಿಸುವುದು ಅಮೆರಿಕದಲ್ಲಿ ನಡೆದುಬಂದ ವಾಡಿಕೆ. ಹೊಣೆ ಅವನದಾದರೆ ಮಾತೂ ಅವನದೇ ಆಗಬೇಡವೆ? ಹೊಣೆಯನ್ನು ಒಬ್ಬನಿಗೆ, ಅಧಿಕಾರವನ್ನು ಇನ್ನೊಬ್ಬನಿಗೆ ಹಂಚುವುದು ಅನ್ಯಾಯ.

ನನ್ನ ವಿಮಾನ, ನನ್ನ ಪ್ರಾಣ, ನಡುವೆ ನೀವು ಯಾರು ಎಂದು ಒಡೆಯ ಕೇಳಬಹುದು. ಮಾತಿನಲ್ಲಿ ಬಲವಿದೆ. ಪ್ರೌಢನಾದವನು ತನ್ನ ಪ್ರಾಣದ ಮಟ್ಟಿಗೆ ಸಾಹಸ ಮಾಡುವುದನ್ನು ನಾವು ಪೂರ್ತಿ ತಡೆಯಲಾರೆವು. ತಡೆದಿದ್ದರೆ ಹಾರಾಟವೇ ಹುಟ್ಟುತ್ತಿರಲಿಲ್ಲ. ಆದರೆ ಪಕ್ಕದ ಆಸನದಲ್ಲಿ ಗುರುವಿನ ಪ್ರಾಣವೂ ಇದೆ. ಹಿಂದಿನ ಆಸನದಲ್ಲಿ ಏನೂ ಅರಿಯದೆ ನಂಬಿ ಕುಳಿತವರಿದ್ದಾರೆ. ಕೆಳಗೆ ಮನೆಗೆ ಮನೆ ತಾಗಿದ ಊರಿದೆ. ೨೦೨೧ರ ಏಪ್ರಿಲ್ ೧೧ರಂದು ಉದ್ಯಮಿ ಯೂಸುಫ್ ಅಲಿಯವರ ಹೆಲಿಕಾಪ್ಟರನ್ನು ಕೊಚ್ಚಿಯ ಪನಂಗಾಡಿನ ಜೌಗು ನೆಲದಲ್ಲಿ ತುರ್ತಾಗಿ ಇಳಿಸಬೇಕಾಯಿತು, ಅದರಲ್ಲಿದ್ದವರೆಲ್ಲ ಬದುಕಿದರು. ಒಡೆಯ ಹಿಂದೆ ಕುಳಿತಿದ್ದ, ನಿರ್ಧಾರ ಮುಂದೆ ಕುಳಿತವರದಾಗಿತ್ತು. ಹತ್ತಿರದಲ್ಲೇ ಹೆದ್ದಾರಿಯಿತ್ತು, ಜನವಸತಿಯಿತ್ತು. ಆಕಾಶದಲ್ಲಿ ನನ್ನದು ಎಂಬ ಮಾತು ನೆಲದ ಮೇಲಿನಷ್ಟು ದೂರ ನಡೆಯುವುದಿಲ್ಲ.

ತಿರುವನಂತಪುರದಲ್ಲಿ ವರ್ಷಕ್ಕೆ ಎರಡು ಸಲ ಪದ್ಮನಾಭಸ್ವಾಮಿಯ ಆರಾಟ್ಟು ಮೆರವಣಿಗೆ ರನ್‌ವೇ ದಾಟಿ ಶಂಖುಮುಖದ ಕಡಲಿಗೆ ಹೋಗುತ್ತದೆ. ಆ ಕೆಲವು ಗಂಟೆ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದಿನ ಮೊದಲೇ ಗೊತ್ತು, ಆದ್ದರಿಂದ ಯಾರಿಗೂ ಅವಮಾನವೆನಿಸುವುದಿಲ್ಲ, ಯಾರೂ ಜಗಳಕ್ಕೆ ಬರುವುದಿಲ್ಲ. ನಿಲ್ಲುವುದನ್ನು ಮೊದಲೇ ಒಪ್ಪಿಕೊಂಡ ಕಡೆ ನಿಲ್ಲಿಸುವವನು ಶತ್ರುವಾಗುವುದಿಲ್ಲ.

ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಹಾರಾಟ ಕಲಿಯಲು ಹೋಗುತ್ತಾರೆ. ಕೆಲವರು ಮುಂದೆ ಸಾಲ ತೀರಿಸಲೆಂದೇ ಶಿಕ್ಷಕರಾಗಿ ಪರರ ವಿಮಾನದಲ್ಲಿ ಕುಳಿತುಕೊಳ್ಳುತ್ತಾರೆ. ತಂದೆತಾಯಿಗಳು ಶುಲ್ಕವೆಷ್ಟು, ಎಷ್ಟು ತಿಂಗಳಲ್ಲಿ ಲೈಸೆನ್ಸು ಎಂದು ತಪ್ಪದೆ ಕೇಳುತ್ತಾರೆ. ಅದರೊಂದಿಗೆ ಇನ್ನೊಂದು ಮಾತನ್ನೂ ಕೇಳಲಿ ಎಂದು ನಮ್ಮ ಬಿನ್ನಹ: ಇಲ್ಲಿ ಗುರುಗಳು ಈ ಹಿಂದೆ ಯಾರಿಗಾದರೂ "ಇಂದು ಬೇಡ" ಎಂದದ್ದುಂಟೆ? ಎಂದ ಮೇಲೆ ಅವರ ಕೆಲಸ ಉಳಿಯಿತೆ? ಉತ್ತರ ಹೌದೆಂದು ಬಂದರೆ ಹುಡುಗನನ್ನು ಅಲ್ಲಿ ಬಿಟ್ಟು ಬರಬಹುದು.